ನಮ್ಮ ಮನೆಯ ಒಂದು ಫೋಟೋಗ್ರಾಫು

ಹಾಸನದ ನಮ್ಮ ಮನೆಯ ನಡುಮನೆಯಲ್ಲಿ, ಗೋಡೆಯ ಗಡಿಯಾರಕ್ಕೆ ಸ್ವಲ್ಪ ಕೆಳಗೆ, ತೇಗದ ಚೌಕಟ್ಟಿನೊಳಗೆ ಒಂದು ಹಳೆಯ ಫೋಟೋಗ್ರಾಫು ತೂಗುತ್ತಿದೆ. ೧೯೩೬ನೆಯ ಇಸವಿಯಲ್ಲಿ ಹೊಳೆನರಸೀಪುರದ ನಮ್ಮ ತಾಯಿಯ ತವರಿನಲ್ಲಿ ನಡೆದ ನಮ್ಮ ತಂದೆತಾಯಿಗಳ ವಿವಾಹದ ಮೂರನೆಯ ದಿವಸ ಅದನ್ನು ತೆಗೆಯಿಸಿದರಂತೆ. ತೊಟ್ಟಿಯ ಮನೆಯ ಅಂಗಳದಲ್ಲಿ ೨೩ ಮಂದಿ ಇದ್ದಾರೆ. ಗಂಡಸರು ಜರಿಯ ಪೇಟ ಧರಿಸಿ ಕುರ್ಚಿಗಳ ಮೇಲೆ ಕುಳಿತಿದ್ದಾರೆ. ಹೆಂಗಸರು ಹಿಂದೆ ನಿಂತಿದ್ದಾರೆ. ಮಕ್ಕಳು ಜಮಖಾನದ ಮೇಲೆ ಕಾಲು ಮಡಿಸಿಕೊಂಡಿದ್ದಾರೆ. ಮದುವೆಯ ಮನೆಯಾದರೂ ಒಬ್ಬರ ಮುಖದಲ್ಲಿಯೂ ನಗೆಯಿಲ್ಲ. ಚಿತ್ರದ ಬಲಗಡೆಯ ಅಂಚಿನಲ್ಲಿ ಅಡಿಗೆಯ ಮನೆಯ ಬಾಗಿಲು ಕಾಣುತ್ತದೆ. ಆ ಬಾಗಿಲಿನಲ್ಲಿ, ಒದ್ದೆಯ ಸೌದೆಯಿಂದೆದ್ದ ಹೊಗೆಯ ಹಾಗೆ, ತಲೆಯೂ ಇಲ್ಲದ ತೋಳೂ ಇಲ್ಲದ ಒಂದು ಬೆಳ್ಳನೆಯ ಆಕೃತಿಯಿದೆ.

ಈ ಆಕೃತಿಯ ವಿಷಯದಲ್ಲಿ ನಮ್ಮ ಬಂಧುವರ್ಗದಲ್ಲಿ ಬಹುಕಾಲದಿಂದ ವಾದವಿತ್ತು. ಚನ್ನರಾಯಪಟ್ಟಣದ ನಮ್ಮ ಸೋದರಮಾವನವರು, ತಾವು ಇಂಗ್ಲಿಷು ಓದಿದವರೆಂಬ ಅಧಿಕಾರದಿಂದ, ಅದು ಗಾಜಿನ ಪ್ಲೇಟಿನ ಮೇಲೆ ಮದ್ದು ಚೆಲ್ಲಿ ಆದ ಕಲೆಯೆಂದು ತೀರ್ಮಾನಿಸಿದ್ದರು. ಅವರ ಪತ್ನಿಯವರು ಮನೆದೇವರೇ ಬಂದು ನಿಂತುದೆಂದು ಕೈಮುಗಿಯುತ್ತಿದ್ದರು. ನಮ್ಮ ತಾಯಿಯವರನ್ನು ಕೇಳಿದರೆ ಅವರು ಮಾತು ತಿರುಗಿಸಿಬಿಡುವರು. ಅದು ನಮ್ಮ ಸೋದರತ್ತೆಯವರೆಂದು ನಮಗೆ ಮಾತ್ರ ಬಾಲ್ಯದಿಂದಲೂ ನಂಬಿಕೆ. ಆದರೆ ಮಗುವಿನ ನಂಬಿಕೆಗೆ ಆಧಾರವೇನು?

ಸೋದರತ್ತೆಯವರು ನಮ್ಮ ತಂದೆಯವರ ಅಕ್ಕ. ಹತ್ತನೆಯ ವಯಸ್ಸಿನಲ್ಲಿ ಮದುವೆಯಾಗಿ ಹದಿಮೂರನೆಯ ವಯಸ್ಸಿನಲ್ಲಿ ಗಂಡನನ್ನು ಕಳೆದುಕೊಂಡು ಅರಕಲಗೂಡಿನ ತೌರುಮನೆಗೆ ಹಿಂದಿರುಗಿದವರು, ಅಲ್ಲಿಯೇ ಬಾಳಿ ಅಲ್ಲಿಯೇ ೧೯೬೧ರಲ್ಲಿ ತೀರಿಕೊಂಡರು. ನಮ್ಮನ್ನೂ ನಮ್ಮ ಒಡಹುಟ್ಟಿದವರನ್ನೂ ಎತ್ತಿ ಆಡಿಸಿ ಬೆಳಸಿದವರು ಅವರೇ. ರಾತ್ರಿ ಅವರ ಕಾಲಿಗೆ ಹರಳೆಣ್ಣೆ ತಿಕ್ಕುವುದು ನಮ್ಮ ಪಾಲಿನ ಕೆಲಸ. ಅದಕ್ಕೆ ಕೂಲಿಯೆಂದರೆ ಒಂದು ಕಥೆ. ಹುಡುಗಿಯಾಗಿದ್ದಾಗ ಒರಳುಗುಂಡು ಉರುಳಿಬಿದ್ದು ಅವರ ಎಡಗಾಲಿನ ಕಿರುಬೆರಳು ಪಕ್ಕದ ಬೆರಳನ್ನು ಏರಿ ಕುಳಿತಿತ್ತು. ನಾವು ಅದನ್ನು ನೆಟ್ಟಗೆ ಮಾಡುವೆವೆಂದು ಎಳೆಯುವುದು, ಅವರು ನೋವಾದಂತೆ ಕೂಗುವುದು, ಇದು ನಿತ್ಯದ ಆಟವಾಗಿತ್ತು.

ಅವರ ಭಾವಚಿತ್ರ ಒಂದೂ ಇಲ್ಲ. ಶುಭಕಾರ್ಯದ ಚಿತ್ರದಲ್ಲಿ ವಿಧವೆಯರನ್ನು ಕೂರಿಸುವ ಪದ್ಧತಿ ಅಂದಿನ ನಮ್ಮ ಮನೆಗಳಲ್ಲಿರಲಿಲ್ಲ. ಬೇರೆಯಾಗಿ ಚಿತ್ರ ತೆಗೆಯಿಸುವ ಯೋಚನೆ ಯಾರಿಗೂ ಬರಲಿಲ್ಲ. ಫೋಟೋ ತೆಗೆಯಿಸಿದರೆ ಆಯುಸ್ಸು ಕುಗ್ಗುತ್ತದೆಂದು ನಮ್ಮ ಅಜ್ಜಿ ಹೆದರುತ್ತಿದ್ದರು. ಅತ್ತೆಯವರು ಮಾತ್ರ, ತಮ್ಮ ಆಯುಸ್ಸು ಸ್ವಲ್ಪ ಕುಗ್ಗಿದರೂ ಚಿಂತೆಯಿಲ್ಲವೆಂದು ನಗುತ್ತಿದ್ದರೆಂದು ನೆನಪು. ಎಂಬತ್ತು ದಾಟಿದ ಈ ದಿನ ಅವರ ಧ್ವನಿ ನಮ್ಮ ಕಿವಿಯಲ್ಲಿದೆ, ಕೈಯ ಒರಟು ನಮ್ಮ ಬೆನ್ನಿನ ಮೇಲಿದೆ. ಮುಖ ಮಾತ್ರ ದಿನೇದಿನೇ ಜಾರಿಹೋಗುತ್ತಿದೆ. ಕಣ್ಣು ಮುಚ್ಚಿದರೆ ಒಮ್ಮೆ ಅಜ್ಜಿಯ ಮುಖ ಬರುತ್ತದೆ, ಒಮ್ಮೆ ಮತ್ತಾರದೋ.

ನಾವು ಫೋಟೋಗ್ರಾಫಿಯ ಪೂರ್ವೋತ್ತರವನ್ನು ಅರಸಿ ಓದತೊಡಗಿದ್ದು ಈ ಕಾರಣದಿಂದಲೇ ಹೊರತು ವಿದ್ವತ್ತಿನ ಹಂಬಲದಿಂದಲ್ಲ. ಓದುತ್ತ ಹೋದಂತೆ, ಆ ವಿದ್ಯೆಯ ಮೊದಲ ಪಾಠವನ್ನು ಸೋದರತ್ತೆಯವರೇ ನಮಗೆ ಕಲಿಸಿದ್ದರೆಂದು ತಿಳಿದು ಬೆರಗಾದೆವು. ಅರಕಲಗೂಡಿನ ಮನೆಯಲ್ಲಿ ಬೀದಿಯ ಕಡೆಗೆ ಒಂದು ಕತ್ತಲೆಯ ಕೋಣೆಯಿತ್ತು. ಅದರ ಕದದಲ್ಲಿ ಮೊಳೆ ಕಿತ್ತುಹೋಗಿ ಒಂದು ತೂತು ಬಿದ್ದಿತ್ತು. ಬೇಸಗೆಯ ಮಧ್ಯಾಹ್ನ ನಮ್ಮನ್ನು ಮಲಗಿಸಲು ಅವರು ಅಲ್ಲಿಗೆ ಕರೆದುಕೊಂಡು ಹೋಗಿ, ಎದುರಿನ ಸುಣ್ಣದ ಗೋಡೆಯ ಮೇಲೆ ಬೀದಿಯ ಎತ್ತು ಗಾಡಿಗಳು ಕಾಲು ಮೇಲಾಗಿ ನಡೆದುಹೋಗುವುದನ್ನು ತೋರಿಸುತ್ತಿದ್ದರು. ಹಂಪೆಯ ವಿರೂಪಾಕ್ಷ ದೇವಾಲಯದಲ್ಲಿ ಗೋಪುರದ ನೆರಳು ತಲೆಕೆಳಗಾಗಿ ಗೋಡೆಯ ಮೇಲೆ ಬೀಳುವುದನ್ನು ವಾಚಕರಲ್ಲಿ ಅನೇಕರು ನೋಡಿಯೇ ಇರುವರು. ಎರಡಕ್ಕೂ ಸೂತ್ರವೊಂದೇ. ಬೆಳಕು ನೆಟ್ಟಗೆ ಚಲಿಸುವುದರಿಂದ, ಸಣ್ಣ ರಂಧ್ರದ ಮೂಲಕ ಮೇಲಿನ ಕಿರಣ ಕೆಳಕ್ಕೂ ಕೆಳಗಿನ ಕಿರಣ ಮೇಲಕ್ಕೂ ಹೋಗಿ ಬೀಳುತ್ತದೆ. ಯೂರೋಪಿನ ಚಿತ್ರಗಾರರು ಇದೇ ಕತ್ತಲೆಯ ಕೋಣೆಯನ್ನು ಸಣ್ಣ ಪೆಟ್ಟಿಗೆಯಾಗಿ ಮಾಡಿ, ತೂತಿಗೆ ಮಸೂರವಿಟ್ಟು, ಬಿದ್ದ ಬಿಂಬದ ಮೇಲೆ ಸೀಸದ ಕಡ್ಡಿಯನ್ನಾಡಿಸಿ ಚಿತ್ರ ಬರೆಯುತ್ತಿದ್ದರು. ‘ಕ್ಯಾಮರಾ’ ಎಂದರೆ ಲ್ಯಾಟಿನ್ ಭಾಷೆಯಲ್ಲಿ ಕೋಣೆಯೆಂದೇ ಅರ್ಥ.

ಬಿಂಬವನ್ನು ಬೀಳಿಸುವುದು ಹೀಗೆ ಹಳೆಯ ವಿದ್ಯೆ. ಬಿದ್ದ ಬಿಂಬವನ್ನು ನಿಲ್ಲಿಸುವುದೇ ಕಷ್ಟವಾಗಿತ್ತು. ಬೆಳ್ಳಿಯ ಲವಣಗಳು ಕಪ್ಪಾಗುವುದು ಶಾಖದಿಂದಲ್ಲ, ಬೆಳಕಿನಿಂದ ಎಂಬುದನ್ನು ೧೮ನೆಯ ಶತಮಾನದ ಪೂರ್ವಭಾಗದಲ್ಲಿ ಜರ್ಮನಿಯ ಶುಲ್ಟ್ಸೆ ಎಂಬ ಪಂಡಿತನು ಕಂಡುಕೊಂಡನು. ಇಂಗ್ಲೆಂಡಿನ ಪ್ರಸಿದ್ಧ ಕುಂಬಾರಿಕೆಯ ಮನೆತನದ ಥಾಮಸ್ ವೆಜ್‌ವುಡ್ ಎಂಬಾತನು ಇಂಥ ಲವಣ ಬಳಿದ ಕಾಗದದ ಮೇಲೆ ಎಲೆಗಳನ್ನಿಟ್ಟು ಅವುಗಳ ನೆರಳಚ್ಚನ್ನು ತೆಗೆದನು. ಆ ಪ್ರಯೋಗಗಳ ವರದಿ ೧೮೦೨ರಲ್ಲಿ ಅಚ್ಚಾಯಿತು. ಆದರೆ ಪಾಪ, ಆ ಚಿತ್ರಗಳನ್ನು ಹಗಲಿಗೆ ತಂದರೆ ಉಳಿದ ಭಾಗವೂ ಕಪ್ಪಾಗಿ ಎಲ್ಲವೂ ಅಳಿಸಿಹೋಗುತ್ತಿತ್ತು. ಮೇಣದ ಬತ್ತಿಯ ಮಬ್ಬಿನಲ್ಲಿ ನೋಡಿ ಮತ್ತೆ ಕತ್ತಲೆಯಲ್ಲಿಯೇ ಮುಚ್ಚಿಡಬೇಕಾಗಿತ್ತು.

ನಿಂತ ಚಿತ್ರವನ್ನು ಪಡೆದವನು ಫ್ರಾನ್ಸಿನ ನಿಯೆಪ್ಸ್. ಒಂದು ಬಗೆಯ ಕಲ್ಲರಗನ್ನು ಲ್ಯಾವೆಂಡರ್ ಎಣ್ಣೆಯಲ್ಲಿ ಕರಗಿಸಿ ಲೋಹದ ತಗಡಿಗೆ ಬಳಿದು, ೧೮೨೬ ಅಥವಾ ೧೮೨೭ರಲ್ಲಿ, ಅವನು ಅದನ್ನು ತನ್ನ ಹಳ್ಳಿಯ ಮನೆಯ ಮಹಡಿಯ ಕಿಟಕಿಯಲ್ಲಿ ಕ್ಯಾಮರಾದೊಳಗಿಟ್ಟನು. ಬೆಳಕು ತಾಗಿದೆಡೆ ಅರಗು ಗಟ್ಟಿಯಾಯಿತು. ತಾಗದೆಡೆಯದು ತೊಳೆದಾಗ ಹೋಯಿತು. ಎಂಟು ಗಂಟೆಗಿಂತ ಕಡಮೆಯಿಲ್ಲದ ಹೊತ್ತು ಬೇಕಾದ್ದರಿಂದ ಸೂರ್ಯನು ಆಕಾಶದಲ್ಲಿ ಪಯಣಿಸಿ, ಅಂಗಳದ ಎರಡು ಕಡೆಯ ಗೋಡೆಗಳ ಮೇಲೂ ಬಿಸಿಲು ಬಿದ್ದಂತೆ ಆ ಚಿತ್ರದಲ್ಲಿ ಕಾಣುತ್ತದೆ. ಇಡೀ ಹಗಲೇ ಒಂದು ತಗಡಿನ ಮೇಲೆ ಕುಳಿತಿದೆಯೆನ್ನಬೇಕು. ನಿಯೆಪ್ಸನು ೧೮೩೩ರಲ್ಲಿ ಯಾವ ಕೀರ್ತಿಯನ್ನೂ ಕಾಣದೆ ತೀರಿಕೊಂಡನು.

ಅವನ ಪಾಲುಗಾರನಾಗಿದ್ದ ದಾಗೇರನು ನಾಟಕಶಾಲೆಯ ಪರದೆಗಳನ್ನು ಬರೆಯುತ್ತಿದ್ದವನು. ಜನರನ್ನು ಬೆರಗುಗೊಳಿಸುವ ಕಲೆ ಅವನಿಗೆ ಕರಗತವಾಗಿತ್ತು. ಬೆಳ್ಳಿಯ ಮುಲಾಮು ಕೊಟ್ಟ ತಾಮ್ರದ ತಗಡಿಗೆ ಅಯೊಡೀನಿನ ಹಬೆಯನ್ನು ಹಿಡಿದು, ಬೆಳಕಿಗೊಡ್ಡಿ, ಅನಂತರ ಪಾದರಸದ ಹಬೆಯನ್ನು ತಾಗಿಸಿದರೆ, ಅಡಗಿದ್ದ ಚಿತ್ರ ಮೇಲೇಳುವುದನ್ನು ಅವನು ಕಂಡುಹಿಡಿದನು. ಫ್ರಾನ್ಸಿನ ಸರ್ಕಾರವು ಅವನಿಗೂ ನಿಯೆಪ್ಸನ ಮಗನಿಗೂ ವರ್ಷಾಶನ ಕೊಟ್ಟು ರಹಸ್ಯವನ್ನು ಕೊಂಡು, ೧೮೩೯ನೆಯ ಇಸವಿ ಆಗಸ್ಟ್ ೧೯ನೆಯ ತಾರೀಖು ಲೋಕಕ್ಕೆಲ್ಲ ಸಾರಿತು. ಮರುವರ್ಷವೇ ಕಲ್ಕತ್ತೆಯಲ್ಲಿ ಈ ಕ್ಯಾಮರಾಗಳ ಮಾರಾಟದ ಜಾಹೀರಾತು ಕಾಣಿಸಿಕೊಂಡಿತು.

ಈ ದಾಗೇರನು ೧೮೩೮ರಲ್ಲಿ ತನ್ನ ಕಿಟಕಿಯಿಂದ ತೆಗೆದ ಪ್ಯಾರಿಸ್ ನಗರದ ಬೀದಿಯೊಂದರ ಚಿತ್ರವನ್ನು ನಾವು ಪುಸ್ತಕದಲ್ಲಿ ಎಷ್ಟು ಸಲ ನೋಡಿದೆವೋ ಲೆಕ್ಕವಿಲ್ಲ. ಅದು ಬಂಡಿಗಳೂ ಜನರೂ ಕಿಕ್ಕಿರಿಯುವ ಬೀದಿ. ಚಿತ್ರದಲ್ಲಿ ಮಾತ್ರ ಗ್ರಹಣಕಾಲದಂತೆ ಬರಿದಾಗಿದೆ. ಹಲವು ನಿಮಿಷಗಳ ಕಾಲ ಬೆಳಕಿಗೊಡ್ಡಿದ ತಗಡಿನ ಮೇಲೆ, ಚಲಿಸುತ್ತಿದ್ದ ಯಾವುದೂ ಅಚ್ಚಾಗಲಿಲ್ಲ. ಬೀದಿಯ ಮೂಲೆಯಲ್ಲಿ ಬೂಟಿಗೆ ಪಾಲಿಷು ಹಾಕಿಸಿಕೊಳ್ಳುತ್ತ ಒಬ್ಬಾತನು ಒಂದು ಕಾಲನ್ನೆತ್ತಿ ನಿಂತಿದ್ದನು. ಅವನು ಉಳಿದನು. ಪಾಲಿಷು ಹಾಕುತ್ತಿದ್ದವನು ಅಸ್ಪಷ್ಟವಾಗಿ ಉಳಿದನು. ಈ ಚಿತ್ರವನ್ನು ಮೊದಲ ಬಾರಿ ಕಂಡ ದಿನ ನಾವು ಎದ್ದುಹೋಗಿ ನಡುಮನೆಯ ಚೌಕಟ್ಟಿನ ಮುಂದೆ ನಿಂತೆವು. ಬಾಗಿಲಿನಲ್ಲಿದ್ದ ಆ ಬಿಳಿಯ ಹೊಗೆ ಚೆಲ್ಲಿದ ಮದ್ದಲ್ಲವೆಂದು ಆಗಲೇ ನಮಗೆ ಹೊಳೆಯಿತು.

ಆ ಚಿತ್ರ ತೆಗೆದ ಬಗೆಯನ್ನು ನಮ್ಮ ತಂದೆಯವರು ವರ್ಣಿಸುತ್ತಿದ್ದರು. ಚಿತ್ರಗಾರನು ಹಾಸನದಿಂದ ರೈಲಿನಲ್ಲಿ ಬಂದು, ಮುಕ್ಕಾಲಿಯ ಮೇಲೆ ಪೆಟ್ಟಿಗೆಯನ್ನಿಟ್ಟು, ಕರಿಯ ಬಟ್ಟೆಯೊಳಗೆ ತಲೆ ತೂರಿಸಿ ಅರ್ಧ ಗಂಟೆ ಎಲ್ಲರನ್ನೂ ಹಿಂಸಿಸಿದನಂತೆ. ಅಂಗಳದಲ್ಲಿ ನೆರಳಿದ್ದುದರಿಂದ ಮಸೂರದ ಮುಚ್ಚಳವನ್ನು ಕೈಯಿಂದ ತೆಗೆದು, ‘ಒಂದು, ಎರಡು’ ಎಂದೆಣಿಸಿ ಮುಚ್ಚಿದನಂತೆ. ಎರಡೆಣಿಸುವಷ್ಟು ಹೊತ್ತಿನಲ್ಲಿ ಕೊಡವನ್ನೋ ಪಾತ್ರೆಯನ್ನೋ ಹೊತ್ತು ಬಾಗಿಲನ್ನು ದಾಟುವವರು ಹೊಗೆಯಾಗಿಯೇ ಉಳಿಯಬೇಕಷ್ಟೆ.

ದಾಗೇರನ ತಗಡಿನಿಂದ ಎರಡನೆಯ ಪ್ರತಿ ತೆಗೆಯುವಂತಿರಲಿಲ್ಲ. ಇಂಗ್ಲೆಂಡಿನ ಟಾಲ್ಬಟ್ ಎಂಬ ಶ್ರೀಮಂತನು ಕಾಗದದ ಮೇಲೆ ಬಿಳಿಯದು ಕಪ್ಪಾಗಿಯೂ ಕಪ್ಪು ಬಿಳಿಯದಾಗಿಯೂ ಬರುವ ಪ್ರತಿಬಿಂಬವನ್ನು ಪಡೆದು, ಅದರಿಂದ ಬೇಕಾದಷ್ಟು ಪ್ರತಿಗಳನ್ನು ಮಾಡುವ ದಾರಿ ತೋರಿಸಿದನು. ೧೮೩೫ರಲ್ಲಿ ಅವನು ಹೀಗೆ ತೆಗೆದ ಸ್ವಂತ ಮನೆಯ ಕಿಟಕಿಯ ಚಿತ್ರ ಈಗಲೂ ಇದೆ. ೧೮೪೧ರಲ್ಲಿ ಉತ್ತಮಗೊಳಿಸಿದ ವಿಧಾನಕ್ಕೆ ಹಕ್ಕನ್ನೂ ಪಡೆದನು. ಚಿತ್ರವನ್ನು ಬೆಳಕಿನಲ್ಲಿ ಅಳಿಯದಂತೆ ನಿಲ್ಲಿಸುವ ‘ಹೈಪೋ’ ಎಂಬ ಲವಣದ ಗುಣವನ್ನು ಕಂಡವನು ಖಗೋಳಶಾಸ್ತ್ರಜ್ಞನಾದ ಹರ್ಷೆಲ್. ಬೆಳಕಿನ ಬರಹವೆಂಬರ್ಥದ ‘ಫೋಟೋಗ್ರಾಫಿ’ ಎಂಬ ಹೆಸರನ್ನು ೧೮೩೯ರಲ್ಲಿ ಬಳಕೆಗೆ ತಂದವನೂ ಅವನೇ.

ಕಾಗದದ ಈ ವಿಧಾನವೇ ನಮ್ಮ ಜಿಲ್ಲೆಗೆ ಬಂದದ್ದು, ಮತ್ತು ನಾವು ಊಹಿಸಿದ್ದಕ್ಕಿಂತ ಬಹಳ ಮುಂಚೆ ಬಂದದ್ದು. ಮದರಾಸಿನ ಸೈನ್ಯದಲ್ಲಿ ಅಧಿಕಾರಿಯಾಗಿದ್ದ ಕ್ಯಾಪ್ಟನ್ ಲಿನ್ನೇಯಸ್ ಟ್ರೈಪ್ ಎಂಬವನು ೧೮೫೪ನೆಯ ಡಿಸೆಂಬರಿನಲ್ಲಿ ಹಳೇಬೀಡು ಬೇಲೂರುಗಳ ದೇವಾಲಯಗಳ ಛಾಯಾಚಿತ್ರಗಳನ್ನು ತೆಗೆದನು. ಬೆಂಗಳೂರಿಗೆ ರೈಲು ಬಂದದ್ದೇ ೧೮೬೪ರಲ್ಲಿ ಎಂಬುದನ್ನು ನೆನೆದರೆ, ಪೆಟ್ಟಿಗೆ, ಮುಕ್ಕಾಲಿ, ಮದ್ದಿನ ಸೀಸೆ, ಕಾಗದಗಳನ್ನು ಹೊತ್ತು ಅಲ್ಲಿಗೆ ಬಂದು ಸೇರುವುದೆಂದರೆ ಏನಾಗಿದ್ದಿತೆಂದು ವಾಚಕರೇ ಊಹಿಸಬಹುದು. ಬಳಪದ ಕಲ್ಲಿನ ಕಪ್ಪು ಗೋಡೆಗಳು. ಉಗುರಿನಷ್ಟು ಸಣ್ಣ ಕೆತ್ತನೆ. ಸೂರಿನ ಕೆಳಗೆ ಆಳವಾದ ನೆರಳು. ಒಳ್ಳೆಯ ಕ್ಯಾಮರಾ ಇರುವ ಇಂದಿನವರಿಗೂ ಹೊಯ್ಸಳೇಶ್ವರನ ಗುಡಿ ಸುಲಭವಾದ ವಸ್ತುವಲ್ಲ. ಟ್ರೈಪನು ಈ ಚಿತ್ರಗಳನ್ನು ೧೮೫೫ರಲ್ಲಿ ಮದರಾಸಿನ ಪ್ರದರ್ಶನದಲ್ಲಿಟ್ಟು ಮನ್ನಣೆ ಪಡೆದನು. ಮುಂದೆ ಮದರಾಸು ಸರ್ಕಾರದ ಛಾಯಾಗ್ರಾಹಕನಾಗಿ ಮಧುರೆ, ತಂಜಾವೂರುಗಳ ಗುಡಿಗಳನ್ನೂ ತೆಗೆದನು. ೧೮೬೦ರಲ್ಲಿ ಸರ್ಕಾರವು ಖರ್ಚು ಹೆಚ್ಚೆಂದು ಆ ಕೆಲಸವನ್ನು ನಿಲ್ಲಿಸಿಬಿಟ್ಟಿತು. ಮಿತವ್ಯಯವು ಯಾವಾಗಲೂ ಕಲೆಯಿಂದಲೇ ಆರಂಭವಾಗುವುದೇಕೋ ನಾವರಿಯೆವು.

ಅದೇ ಕಾಲದಲ್ಲಿ ಮದರಾಸಿನ ವೈದ್ಯಶಾಖೆಯ ಡಾಕ್ಟರ್ ನೀಲ್ ಎಂಬವರೂ ಮೈಸೂರು ಸೀಮೆಯ ಗುಡಿಗಳ ಚಿತ್ರಗಳನ್ನು ತೆಗೆದರು. ಅವನ್ನೂ, ಡಾಕ್ಟರ್ ಪಿಗೌ ಮತ್ತು ಕರ್ನಲ್ ಬಿಗ್ಸ್ ಎಂಬವರು ತೆಗೆದ ಧಾರವಾಡ ಸೀಮೆಯ ಚಿತ್ರಗಳನ್ನೂ ಸೇರಿಸಿ, ಮೆಡೋಸ್ ಟೇಲರ್ ಮತ್ತು ಫರ್ಗುಸನ್ ಎಂಬವರ ಬರಹದೊಡನೆ, ಧಾರವಾಡ ಮೈಸೂರುಗಳ ಶಿಲ್ಪವನ್ನು ಕುರಿತ ದೊಡ್ಡ ಗ್ರಂಥವೊಂದು ೧೮೬೬ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಯಿತು. ಹೀಗೆ ನಮ್ಮ ಹಾಸನದ ಸೀಮೆಯಲ್ಲಿ ಬೆಳಕಿನ ಬರಹಕ್ಕೆ ಮೊದಲು ಕುಳಿತವರು ಕಲ್ಲಿನ ಮದನಿಕೆಯರು. ಅವರು ಅಲುಗುವುದಿಲ್ಲವಷ್ಟೆ. ಆ ಹೊತ್ತಿನಲ್ಲಿ ಪ್ರಾಕಾರವನ್ನು ಗುಡಿಸುತ್ತಲೋ ಹೂವು ತರುತ್ತಲೋ ನಡೆದಾಡಿದ ನಮ್ಮ ಜನರಿದ್ದರೆ, ಅವರು ಚಿತ್ರಕ್ಕೆ ಸಿಕ್ಕಿರಲಾರರು.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸುವೆವು. ೧೮೫೧ರಲ್ಲಿ ಆರ್ಚರ್ ಎಂಬವನು ಗಾಜಿನ ಮೇಲೆ ಕೊಲೋಡಿಯನ್ ಎಂಬ ಅಂಟು ದ್ರವವನ್ನು ಹರಡುವ ವಿಧಾನವನ್ನು ಪ್ರಕಟಿಸಿದನು. ಚಿತ್ರ ಬಹು ಸ್ಫುಟ. ಆದರೆ ಪ್ಲೇಟು ಒಣಗುವುದರೊಳಗೆ ಎಲ್ಲ ಕೆಲಸವೂ ಮುಗಿಯಬೇಕಾದ್ದರಿಂದ ಛಾಯಾಗ್ರಾಹಕನು ಹೋದಲ್ಲಿಗೆಲ್ಲ ಕತ್ತಲೆಯ ಡೇರೆಯೂ ಹೋಗಬೇಕಾಗಿತ್ತು. ಆರ್ಚರನು ಹಕ್ಕು ಕಾದಿರಿಸಿಕೊಳ್ಳದೆ ಎಲ್ಲರಿಗೂ ಬಿಟ್ಟುಕೊಟ್ಟು ೧೮೫೭ರಲ್ಲಿ ಬಡವನಾಗಿಯೇ ಸತ್ತನು. ಮ್ಯಾಡಾಕ್ಸ್ ಎಂಬ ವೈದ್ಯನು ೧೮೭೧ರಲ್ಲಿ ಸೂಚಿಸಿದ ಜೆಲಟಿನ್ ಪ್ಲೇಟಿನಿಂದ ಒದ್ದೆಯ ಕಾಟ ತಪ್ಪಿತು. ಈ ಜೆಲಟಿನ್ನೆಂಬುದು ದನಗಳ ಮೂಳೆ ಚರ್ಮಗಳಿಂದ ಬರುತ್ತದೆ. ಅದಕ್ಕೆ ಮುಂಚಿನ ಕಾಗದಗಳಿಗೆ ಕೋಳಿಮೊಟ್ಟೆಯ ಬಿಳಿಯನ್ನು ಬಳಿಯುತ್ತಿದ್ದರು. ಮಡಿಯುಟ್ಟು ಈರುಳ್ಳಿಯನ್ನೂ ಮುಟ್ಟದಿದ್ದ ನಮ್ಮ ಹಿರಿಯರು ತಮ್ಮ ತಂದೆತಾಯಿಗಳ ಚಿತ್ರಗಳನ್ನು ದೇವರ ಮನೆಯ ಬಾಗಿಲ ಮೇಲೆಯೇ ನೇತುಹಾಕಿದ್ದರು. ತಿಳಿಯದಿದ್ದುದೇ ಕ್ಷೇಮವಾಯಿತು.

೧೮೮೮ರಲ್ಲಿ ಈಸ್ಟ್‌ಮನ್ನನ ಕೋಡಕ್ ಪೆಟ್ಟಿಗೆ ಬಂದಮೇಲೆ ವಿದ್ಯೆ ಸಾಮಾನ್ಯರ ಕೈಗೂ ಬಂತು. ೧೯೪೦ರಲ್ಲಿ ಶ್ರವಣಬೆಳಗೊಳದಲ್ಲಿ ನಡೆದ ಮಸ್ತಕಾಭಿಷೇಕಕ್ಕೆ ನಮ್ಮ ಚನ್ನರಾಯಪಟ್ಟಣದ ಸೋದರಮಾವನವರು ಇಂಥದೊಂದು ಪೆಟ್ಟಿಗೆಯನ್ನು ಎರವಲು ತಂದು ಬೆಟ್ಟ ಹತ್ತಿದರು. ಸುರುಳಿಯಲ್ಲಿ ಎಂಟೇ ಚಿತ್ರಗಳು. ಜನಸಂದಣಿಯಲ್ಲಿ ಹಿಂದಕ್ಕೆ ಸರಿಯಲು ಸ್ಥಳವಿಲ್ಲದೆ, ೫೮ ಅಡಿಯ ಗೊಮ್ಮಟನ ಮೊಣಕಾಲುಗಳನ್ನೇ ಎಂಟು ಸಲ ತೆಗೆದುಕೊಂಡು ಬಂದರು. ಪ್ಲೇಟಿನ ಕಲೆಯ ವಿಷಯವಾಗಿ ತೀರ್ಪು ಕೊಟ್ಟವರು ಇವರೇ ಎಂಬುದನ್ನು ವಾಚಕರು ಮರೆಯಬಾರದು.

ಛಾಯಾಚಿತ್ರವನ್ನು ಶ್ರದ್ಧೆಯಿಂದ ಬಳಸಿದವರೂ ನಮ್ಮಲ್ಲಿದ್ದರು. ಮೈಸೂರಿನ ಪುರಾತತ್ತ್ವ ಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದ ಆರ್. ನರಸಿಂಹಾಚಾರ್ಯರು ಬೇಲೂರಿನ ಗುಡಿಯನ್ನೂ, ಹಾಸನಕ್ಕೆ ಸಮೀಪದ ದೊಡ್ಡಗದ್ದವಳ್ಳಿಯ ಲಕ್ಷ್ಮೀದೇವಿಯ ಗುಡಿಯನ್ನೂ ಕುರಿತು ೧೯೧೯ರಲ್ಲಿ ಸಚಿತ್ರವಾದ ಪುಸ್ತಕಗಳನ್ನು ಹೊರತಂದರು. ಆ ದೊಡ್ಡಗದ್ದವಳ್ಳಿಯ ಕಾಳಿಯ ವಿಗ್ರಹವು ೨೦೨೦ರ ನವೆಂಬರಿನಲ್ಲಿ ಒಡೆದುಬಿದ್ದಿತ್ತೆಂಬ ಸುದ್ದಿ ಬಂದಾಗ, ಎಂದೋ ನೋಡಿದ್ದ ಆ ಮುಖ ಹೇಗಿತ್ತೆಂದು ನೆನೆಯಲು ಯತ್ನಿಸಿ ಸೋತೆವು. ಒಂಬೈನೂರು ವರ್ಷ ನಿಂತ ಕಲ್ಲಿಗೂ ಕೊನೆಗೆ ಕಾಗದವೇ ಸಾಕ್ಷಿಯಾಗಬೇಕಾಯಿತು.

ಇನ್ನು ನಮ್ಮ ಮನೆಯ ಚಿತ್ರದ ಮಾತು. ೧೯೭೨ರಲ್ಲಿ ನಾವು, ಆ ಮದುವೆಯ ಮೂಲ ಪ್ಲೇಟು ದೊರೆತರೆ ದೊಡ್ಡದಾಗಿ ಅಚ್ಚುಹಾಕಿಸಿ ನೋಡೋಣವೆಂದು, ಅದನ್ನು ತೆಗೆದ ಅಂಗಡಿಯನ್ನು ಹುಡುಕಿಕೊಂಡು ಹೋದೆವು. ಅಂಗಡಿಯ ಹೆಸರು ಬೇಡ. ಈಗ ಅದು ಇಲ್ಲ. ಚಿತ್ರಗಾರನು ಗತಿಸಿದ್ದನು. ಅವನ ಮಗನು ಮರ್ಯಾದೆಯಿಂದ ಕೂರಿಸಿ ಕಾಫಿ ತರಿಸಿದನು. ಪ್ಲೇಟುಗಳ ಮಾತೆತ್ತಿದಾಗ ತಲೆ ತಗ್ಗಿಸಿದನು. ಯುದ್ಧಕಾಲದಲ್ಲಿ ಗಾಜಿಗೆ ಅಭಾವವಾಗಿ ಬೆಲೆಯೇರಿದಾಗ ಅವನ ತಂದೆ ಹಳೆಯ ಪ್ಲೇಟುಗಳನ್ನೆಲ್ಲ ಬಿಸಿ ಸೋಡಾನೀರಿನಲ್ಲಿ ನೆನೆಯಿಸಿ, ಉಜ್ಜಿ, ಬರಿಯ ಗಾಜು ಮಾಡಿ, ದೇವರ ಪಟಗಳಿಗೆ ಕಟ್ಟುಹಾಕುವವರಿಗೆ ಮಾರಿಬಿಟ್ಟನಂತೆ. ಎಷ್ಟು ಪ್ಲೇಟುಗಳು ಎಂದು ಕೇಳಿದೆವು. ಎರಡು ಗಾಡಿ ಎಂದನು. ಆ ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಎರಡು ಗಾಡಿಯಷ್ಟು ಮದುಮಕ್ಕಳು, ಅಜ್ಜಂದಿರು, ಆರತಿ ಹಿಡಿದ ಹುಡುಗಿಯರು, ಎಲ್ಲರೂ ಸೋಡಾನೀರಿನಲ್ಲಿ ಕರಗಿ ಮೋರಿಗೆ ಹರಿದರು!

ಅಂದಿನಿಂದ ಆಸೆ ಬಿಟ್ಟಿದ್ದೆವು. ಕಳೆದ ದೀಪಾವಳಿಗೆ ಬೆಂಗಳೂರಿನಿಂದ ಬಂದ ನಮ್ಮ ಮೊಮ್ಮಗಳು, ಮನೆಯ ಹಳೆಯ ಚಿತ್ರಗಳನ್ನೆಲ್ಲ ಯಂತ್ರದಲ್ಲಿ ಪ್ರತಿಮಾಡಿ ಇಡುವೆನೆಂದು ಹಟಹಿಡಿದು ಚೌಕಟ್ಟನ್ನು ಗೋಡೆಯಿಂದಿಳಿಸಿದಳು. ಹಿಂದಿನ ಹಲಗೆಯನ್ನು ಎಬ್ಬಿಸಿದಾಗ ಗೆದ್ದಲಿನ ಮಣ್ಣು ಉದುರಿತು. ನಮ್ಮ ಎದೆ ಝಲ್ಲೆಂದಿತು. ಪುಣ್ಯಕ್ಕೆ ಚಿತ್ರಕ್ಕೆ ತಾಗಿರಲಿಲ್ಲ. ಸುತ್ತ ಹಾಕಿದ್ದ ರಟ್ಟಿನ ಅಂಚನ್ನು ತೆಗೆದಾಗ, ಅದು ಕೆಳಗಡೆಯೂ ಬಲಗಡೆಯೂ ಅರ್ಧ ಅಂಗುಲದಷ್ಟು ಚಿತ್ರವನ್ನು ಮುಚ್ಚಿಕೊಂಡಿದ್ದುದು ಕಂಡಿತು. ಇಷ್ಟು ವರ್ಷ ಬೆಳಕು ಕಾಣದೆ ಆ ಪಟ್ಟಿ ಹೊಚ್ಚಹೊಸದರಂತೆ ಉಳಿದಿತ್ತು. ಅದರಲ್ಲಿ ಅಡಿಗೆಯ ಮನೆಯ ಹೊಸಲು. ಹೊಸಲಿನ ಮೇಲೆ ಒಂದು ಪಾದ.

ನಡೆಯುವವರ ದೇಹವೆಲ್ಲ ಚಲಿಸುತ್ತಿದ್ದರೂ, ಊರಿದ ಕಾಲು ಒಂದು ಕ್ಷಣ ನೆಲದಲ್ಲಿ ಅಲುಗದೆ ನಿಂತಿರುತ್ತದೆ. ಮೇಲೆಲ್ಲ ಹೊಗೆ, ಕೆಳಗೆ ಪಾದ ಮಾತ್ರ ಕಡೆದಿಟ್ಟಂತೆ ಸ್ಫುಟವಾಗಿತ್ತು. ಗಾಜಿನ ಪ್ಲೇಟಿನಿಂದ ನೇರವಾಗಿ ಅಚ್ಚಾದ ಚಿತ್ರವಾದ್ದರಿಂದ ಮೊಮ್ಮಗಳು ಅದನ್ನು ಗಣಕಯಂತ್ರದ ತೆರೆಯ ಮೇಲೆ ಅಂಗೈಯಷ್ಟು ದೊಡ್ಡದು ಮಾಡಿದಳು. ಎಡಗಾಲು. ಕಾಲುಂಗುರವಿಲ್ಲ. ಕಿರುಬೆರಳು ಪಕ್ಕದ ಬೆರಳನ್ನು ಏರಿ ಕುಳಿತಿದೆ.

ನಾವು ಎಷ್ಟು ಹೊತ್ತು ಹಾಗೆಯೇ ಕುಳಿತಿದ್ದೆವೋ ತಿಳಿಯದು. ಮೊಮ್ಮಗಳು ಗಾಬರಿಯಾಗಿ ನೀರು ತಂದುಕೊಟ್ಟಳು. ಸಂಗತಿಯನ್ನು ಕೇಳಿದಮೇಲೆ, ಈಗಿನ ಯಂತ್ರಗಳು ಇಲ್ಲದ ಮುಖವನ್ನೂ ಊಹಿಸಿ ತುಂಬಿಕೊಡುತ್ತವೆ, ಹೊಗೆಯಿರುವಲ್ಲಿ ಅತ್ತೆಯ ಮುಖವನ್ನು ಬರೆಯಿಸಲೇ ಎಂದಳು. ಬೇಡವೆಂದೆವು. ಯಾರದೋ ಮುಖವನ್ನು ತಂದಿಟ್ಟರೆ, ಇರುವಷ್ಟು ನೆನಪೂ ಅದಕ್ಕೇ ಅಂಟಿಕೊಂಡೀತೆಂಬ ಭಯ.

ಮರುದಿನ ಚಿತ್ರವನ್ನು ಕಟ್ಟುಹಾಕುವವನ ಬಳಿಗೆ ಒಯ್ದೆವು. ಅವನು ತಿರುಗಿಸಿ ನೋಡಿ, ಅಂಚಿನ ಪಟ್ಟಿ ಬೇರೆ ಬಣ್ಣವಾಗಿದೆ, ಕತ್ತರಿಸಿದರೆ ಹಳೆಯ ಚೌಕಟ್ಟಿಗೇ ಸರಿಹೊಂದುತ್ತದೆ ಎಂದನು. ಕತ್ತರಿಸಕೂಡದೆಂದೂ ರಟ್ಟನ್ನು ಹಾಕಕೂಡದೆಂದೂ ಹೇಳಿ, ಅವನೆದುರಿಗೆ ಕುಳಿತೇ ಕೆಲಸ ಮಾಡಿಸಿಕೊಂಡು ಬಂದೆವು. ಹೊಸ ಚೌಕಟ್ಟು ಮೊದಲಿನದಕ್ಕಿಂತ ಅರ್ಧ ಅಂಗುಲ ದೊಡ್ಡದಾದುದರಿಂದ ಗಡಿಯಾರವನ್ನು ಸ್ವಲ್ಪ ಮೇಲಕ್ಕೆ ಸರಿಸಬೇಕಾಯಿತು.